ಗೊಂಬೆಗೆ ಅಪ್ಪನ ದನಿ

ನಮ್ಮ ಮನೆಯಲ್ಲೊಂದು ಮಾತನಾಡುವ ಗೊಂಬೆಯಿತ್ತು. ಅದನ್ನು ಮಾಡಿದವಳು ಅವ್ವ, ಅದಕ್ಕೆ ದನಿ ಕೊಡುತ್ತಿದ್ದವಳೂ ಅವ್ವ. ಅವಳು ಅಗರದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಾವಿದ್ದದ್ದು ಯಳಂದೂರಿನಲ್ಲಿ. ಟ್ರೈನಿಂಗಿಗೆಂದು ಮೈಸೂರಿಗೆ ಹೋಗಿದ್ದಾಗ, ತುಟಿ ಅಲ್ಲಾಡಿಸದೆ ಗೊಂಬೆಯ ಬಾಯಿಂದ ಮಾತು ಹೊರಡಿಸುವವನೊಬ್ಬನನ್ನು ಅವಳು ನೋಡಿದ್ದಳಂತೆ. ಊರಿಗೆ ಬಂದವಳೇ ಹಳೇ ಪೇಪರು ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಅಜ್ಜಿ ಕಾಳು ತುಂಬಲು ಕಾಗದದ ಪುಟ್ಟಿ ಮಾಡುವ ಹಾಗೆಯೇ ಒಂದು ಕುಡಿಕೆಯ ಮೇಲೆ ಮೆತ್ತಿ ಒಣಗಿಸಿ ಗೊಂಬೆಯ ತಲೆ ಮಾಡಿದಳು. ಕೆಳದವಡೆಗೆ ಸೈಕಲ್ ಟ್ಯೂಬಿನ ರಬ್ಬರು, ಅದನ್ನು ಎಳೆಯಲು ಬೆನ್ನ ಹಿಂದೊಂದು ದಾರ. ಮೈಗೆ ಅಪ್ಪನ ಹಳೇ ಅಂಗಿ ಕತ್ತರಿಸಿ ಹೊಲಿದ ಜುಬ್ಬ. ಮಳೆಗಾಲದಲ್ಲಿ ಅದರ ಹತ್ತಿರ ಮೂಗು ಒಯ್ದರೆ ಮೆಂತ್ಯದ ವಾಸನೆ ಬರುತ್ತಿತ್ತು.

ಶಾಲೆಯಲ್ಲಿ ಆ ಗೊಂಬೆ ಮಹಾ ದಡ್ಡ. ಏಳಕ್ಕೆ ಆರು ಕೂಡಿದರೆ ಹನ್ನೊಂದು ಅನ್ನುತ್ತಿತ್ತು. ಮಕ್ಕಳೆಲ್ಲ ಎದ್ದು ನಿಂತು "ತಪ್ಪು ಕಣ್ಲಾ, ಹದ್ಮೂರು!" ಎಂದು ಕೂಗುತ್ತಿದ್ದರು. ಲೆಕ್ಕಕ್ಕೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದವರೂ ಅದಕ್ಕೆ ಬುದ್ಧಿ ಕಲಿಸಲೆಂದೇ ಶಾಲೆಗೆ ಬರುತ್ತಿದ್ದರು. ಅದರ ದನಿ ಕೀಚಲು. ಆ ದನಿ ಹೊರಡಿಸುವಾಗ ಅವ್ವನ ಕುತ್ತಿಗೆಯ ನರ ಉಬ್ಬುವುದು ನನಗೆ ಕಾಣುತ್ತಿತ್ತು. ಮನೆಯಲ್ಲೂ ತಮ್ಮ ಊಟ ಮಾಡಬೇಕಾದರೆ ಗೊಂಬೆ ಹೇಳಬೇಕು, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಬೇಕಾದರೂ ಗೊಂಬೆಯೇ ಹೇಳಬೇಕು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅವ್ವನ ಗಂಟಲು ಕಟ್ಟಿತು. ಆಗ ತಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ. ನೆಗಡಿಯಿರಬೇಕು ಅಂದುಕೊಂಡೆವು. ಬೇಸಿಗೆಯಲ್ಲಿ ಕಟ್ಟಿದ್ದು ಮಳೆ ಹಿಡಿದರೂ ಬಿಡಲಿಲ್ಲ. ಅಜ್ಜಿ ಮೆಣಸಿನ ಕಷಾಯ ಕಾಯಿಸಿ ಕೊಟ್ಟಳು, ಅತಿಮಧುರ ಅಗಿಸಿದಳು, ಬಿಳಿಗಿರಿರಂಗನ ಬೆಟ್ಟದಿಂದ ಸೋಲಿಗರು ತಂದ ಜೇನು ನೆಕ್ಕಿಸಿದಳು. ಅವ್ವನ ದನಿ ಮಾತ್ರ ಒಣಗಿದ ಎಲೆಯ ಮೇಲೆ ಕಾಲಿಟ್ಟ ಹಾಗೆ ಸರಬರ ಅನ್ನುತ್ತಿತ್ತು. ಕೊಳ್ಳೇಗಾಲದ ಡಾಕ್ಟರು ಬ್ಯಾಟರಿ ಬಿಟ್ಟು ಗಂಟಲು ನೋಡಿ, ಅಪ್ಪನನ್ನು ಹೊರಗೆ ಕರೆದು ಏನೋ ಹೇಳಿದರು. ಮನೆಗೆ ಬಂದ ಅಪ್ಪ ಕೈಕಾಲು ತೊಳೆಯದೆ ಜಗಲಿಯ ಮೇಲೆ ಕೂತ.

ಅಪ್ಪ ಕೊಳ್ಳೇಗಾಲದ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಮೇಸ್ತ್ರಿ. ಇಡೀ ದಿನ ಗೂಡು ಬೇಯುವ ಹಬೆ, ರಾಟೆಗಳ ಸದ್ದು. ಅಲ್ಲಿ ಮಾತಾಡಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿಯೋ ಏನೋ, ಮನೆಯಲ್ಲೂ ಅವನ ಮಾತು ಬಹಳ ಕಡಿಮೆ. ಮದುವೆಯಾದ ಹೊಸದರಲ್ಲಿ ಇವರಿಗೆ ಮಾತೇ ಬರುವುದಿಲ್ಲವೇನೋ ಅಂದುಕೊಂಡಿದ್ದೆ ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಅಂಥ ಅಪ್ಪ ಅಂದು ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಬಾಯಿ ಬಿಟ್ಟ.

"ದಸರಾ ರಜಕ್ಕೆ ಎಲ್ರೂ ಬೆಂಗ್ಳೂರ್ ನೋಡ್ಕಂಡು ಬರಾನ."

ತಮ್ಮ ಕುಣಿದಾಡಿದ. ಗೊಂಬೆ ಬಾರದಿದ್ದರೆ ತಾನೂ ಬರುವುದಿಲ್ಲ ಎಂದ. ಅದೊಂದು ಭಾರ ಯಾಕೆ ಎಂದು ಅಜ್ಜಿ ಗೊಣಗಿದಳು. ಅಪ್ಪ ಬೈಯಲಿಲ್ಲ. "ಬರ್ಲಿ ಬುಡವ್ವ, ಅದೂ ಊರ್ ನೋಡ್ಲಿ" ಅಂದ. ಆಗಲೇ ನನಗೆ ಸ್ವಲ್ಪ ವಿಚಿತ್ರವೆನಿಸಿತ್ತು.

ಅಜ್ಜಿ ಮನೆ ಕಾಯಲು ಉಳಿದಳು. ಹೊರಡುವ ದಿನ ಅವ್ವ ಗೊಂಬೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಳು. ಬಸ್ಸು ಕಾವೇರಿ ದಾಟುವ ಹೊತ್ತಿಗೆ ಟಿಕೆಟ್ ಕೊಡಲು ಬಂದ ಕಂಡಕ್ಟರು ಬಗ್ಗಿ ನೋಡಿ, "ಮಗೀಗೆ ಉಸ್ರು ಕಟ್ಟಾದು ಕಣವ್ವ, ಮೊಕ ಒಸಿ ಆಚೆ ಮಾಡು" ಅಂದ.

ತಮ್ಮ ಥಟ್ಟನೆ, "ಅದು ಮಗ ಅಲ್ಲ, ಅಗರದ ಇಸ್ಕೂಲ್ ಹುಡ್ಗ!" ಎಂದ.

ಅವ್ವ ಬಟ್ಟೆ ಸರಿಸಿದಳು. ದಾರ ಎಳೆದಳು. ಗೊಂಬೆ ಬಾಯಿ ತೆರೆಯಿತು. ಒಳಗಿಂದ ಬಂದದ್ದು ಬರೀ ಗಾಳಿ. ಕಂಡಕ್ಟರು ನಗುತ್ತಾ ಮುಂದೆ ಹೋದ. ಅವ್ವ ಮತ್ತೆ ಬಟ್ಟೆ ಮುಚ್ಚಿದಳು. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ.

ಬೆಂಗಳೂರಿನಲ್ಲಿ ನಾವು ಇಳಿದುಕೊಂಡದ್ದು ಮಾರುಕಟ್ಟೆಯ ಹತ್ತಿರದ ಒಂದು ಛತ್ರದಲ್ಲಿ. ಮರುದಿನ ಬೆಳಿಗ್ಗೆ ಅಪ್ಪ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಒಂದು ದೊಡ್ಡ ಆಸ್ಪತ್ರೆಗೆ. "ಇಲ್ಲೊಂದು ಸಣ್ಣ ಕೆಲ್ಸ ಅದೆ" ಅಂದ. ಅವ್ವನನ್ನು ಒಳಗೆ ಕರೆದರು. ನಾವು ವರಾಂಡದ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅಪ್ಪನನ್ನು ಮಾತಿಗೆಳೆದಳು.

"ನಿಮ್ಮವ್ರಿಗೆ ಏನಾಗೈತೆ?"

"ಗಂಟ್ಲಲ್ಲಿ ಗಂಟು ಅಂದ್ರು ಕಣ್ರಿ."

ಆಕೆ ಲೊಚಗುಟ್ಟಿದಳು. "ನಮ್ಮೆಜಮಾನ್ರಿಗೂ ಅಂಗೇ ಶುರುವಾಯ್ತು" ಎಂದವಳು ನನ್ನನ್ನೂ ತಮ್ಮನನ್ನೂ ನೋಡಿ ಮಾತು ನಿಲ್ಲಿಸಿದಳು. ಅವಳ ಹಣೆಯಲ್ಲಿ ಕುಂಕುಮವಿರಲಿಲ್ಲ. ನಾವು ಬಂದದ್ದು ಊರು ನೋಡುವುದಕ್ಕಲ್ಲ ಎಂಬುದು ನನಗೆ ಆಗ ತಿಳಿಯಿತು. ತಮ್ಮನಿಗೆ ಹೇಳಲಿಲ್ಲ. ಗೊಂಬೆಗೆ ಸುತ್ತಿದ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತೆ.

ಡಾಕ್ಟರು ಅವ್ವನನ್ನು ಒಂದು ದಿನ ಅಲ್ಲೇ ಇಟ್ಟುಕೊಂಡು, ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟು ಗಂಟಲಿನಿಂದ ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಯಾವ ಬಗೆಯದೆಂದು ಗೊತ್ತಾಗಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಅವ್ವ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು ಎಂದು ಹೇಳಿ ಕಳಿಸಿದರು. ಯಳಂದೂರಿಗೆ ಹೋಗಿ ಮತ್ತೆ ಬರುವುದು ಅವ್ವನಿಗೆ ಆಯಾಸ. ಛತ್ರದಲ್ಲೇ ಉಳಿದೆವು. ಅಪ್ಪ ಅನ್ನದ ಗಂಜಿ ಮಾಡಿ, ಆರಿಸಿ, ಅವ್ವನ ಮುಂದಿಟ್ಟು ಹೇಳಿದ. "ಊರ್ ನೋಡಕೆ ಅಂತ ಮಕ್ಳುನ್ನ ಕರ್ಕಂಡ್ ಬಂದಿದೀವಿ. ಇಲ್ಲೇ ಕುಂತು ಗ್ವಾಡೆ ನೋಡದ್ಕಿಂತ ಊರೇ ನೋಡಾನ."

ಅವ್ವ ತಲೆಯಾಡಿಸಿದಳು.

ಮೊದಲ ದಿನ ವಿಧಾನಸೌಧಕ್ಕೆ ಹೋದೆವು. ಅಷ್ಟು ದೊಡ್ಡ ಕಟ್ಟಡವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ತಮ್ಮ ಗೊಂಬೆಯನ್ನು ಎತ್ತಿ ಹಿಡಿದು, "ನೋಡ್ಲಾ, ಎಂಗದೆ ಹೇಳು" ಎಂದ. ಗೊಂಬೆ ಸುಮ್ಮನಿತ್ತು. ಅವ್ವನ ಕೈಗೆ ಕೊಟ್ಟು ಹೇಳಿಸು ಎಂದ. ಅವ್ವ ತನ್ನ ಗಂಟಲು ತೋರಿಸಿ ಕೈಯಾಡಿಸಿದಳು. ಅವನು "ನೀನೂ ಮಾತಾಡಲ್ಲ, ಅದೂ ಮಾತಾಡಲ್ಲ" ಎಂದು ಹುಲ್ಲಿನ ಮೇಲೆ ಬಿದ್ದು ಗಟ್ಟಿಯಾಗಿ ಅಳತೊಡಗಿದ. ಹಾದು ಹೋಗುವವರು ತಿರುಗಿ ನೋಡಿದರು. ಅವ್ವನ ಕಣ್ಣಲ್ಲೂ ನೀರು ಬಂತು.

ಅಪ್ಪ ಒಮ್ಮೆ ಅತ್ತ ಇತ್ತ ನೋಡಿದ. ಆಮೇಲೆ ಅವ್ವನ ಕೈಯಿಂದ ಗೊಂಬೆ ತೆಗೆದುಕೊಂಡು, ದಾರಕ್ಕೆ ಬೆರಳು ಸಿಕ್ಕಿಸಿ, ಎಡಗೈಯನ್ನು ಅದರ ತೋಳಿನೊಳಗೆ ತೂರಿಸಿದ.

"ಇಷ್ಟ್ ದೊಡ್ ಮನ್ಗೆ ಕಸ ಗುಡ್ಸೋರು ಯಾರವ್ವಾ?"

ಗೊಂಬೆಯ ಬಾಯಿಂದ ಎತ್ತಿನಂಥ ದಪ್ಪ ದನಿ! ಅಪ್ಪನ ತುಟಿಗಳಷ್ಟೇ ಅಲ್ಲ, ಮೀಸೆ, ಗದ್ದ, ಹುಬ್ಬು ಎಲ್ಲ ಅಲ್ಲಾಡುತ್ತಿದ್ದವು. ಗೊಂಬೆಯ ಬಾಯಿ ಮಾತು ಮುಗಿದ ಮೇಲೆ ತೆರೆಯಿತು. ತಮ್ಮ ಅಳು ನಿಲ್ಲಿಸಿ ದಿಟ್ಟಿಸಿದ.

"ಇದು ಅದಲ್ಲ" ಎಂದ. "ಇದು ಅದ್ರಪ್ಪ."

ಅಪ್ಪ ದಾರ ಎಳೆದು, "ಊಂ ಕಣ್ಲಾ. ನಾನು ಅದ್ರಪ್ಪನೇಯ. ಅದ್ಕೆ ಗಂಟ್ಲು ಕಟ್ಟದೆ. ಮನ್ಗಿರು ಅಂತ ಏಳಿ ನಾನು ಬಂದೆ" ಅಂದ.

ಅವ್ವ ನಗಬಾರದು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಪ್ಪನಿಗೆ ಬೆನ್ನು ಮಾಡಿ ನಿಂತು ಭುಜ ಕುಲುಕಿಸಿದಳು. ನಾನು ಅಳುತ್ತಿದ್ದಾಳೆ ಎಂದು ಹೆದರಿ ಮುಂದೆ ಹೋಗಿ ಮುಖ ನೋಡಿದೆ. ನಗುತ್ತಿದ್ದಳು.

ಅಂದಿನಿಂದ ಗೊಂಬೆಯ ಅಪ್ಪನೇ ನಮ್ಮ ಜೊತೆ ಊರು ಸುತ್ತಿದ್ದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನಿಗೆ ಜಾಗ. ಕಬ್ಬನ್ ಪಾರ್ಕಿನ ಬಿದಿರು ಮೆಳೆ ನೋಡಿ, ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕಡಿದು ಮೊರ ಮಾಡುತ್ತಿದ್ದರು ಎಂದ. ಲಾಲ್‌ಬಾಗಿನ ಗಾಜಿನ ಮನೆಯೊಳಗೆ ನಿಂತು, "ಇದ್ರಲ್ಲಿ ಉಳ ಸಾಕುದ್ರೆ ಮಧ್ಯಾನ್ಕೆ ಒಂದೂ ಉಳ್ಯಾಕಿಲ್ಲ ಕಣ್ಲಾ" ಎಂದು ರೇಷ್ಮೆ ಹುಳುವಿನ ಚಿಂತೆ ಮಾಡಿದ. ಅಲ್ಲಿನ ಕಾವಲುಗಾರ ಬಂದು ಹೂವಿನ ಕುಂಡ ಮುಟ್ಟಬೇಡಿ ಎಂದು ಗದರಿದಾಗ, ಯಾರಿಗೂ ಎದುರುತ್ತರ ಕೊಡದ ನಮ್ಮಪ್ಪ ಗೊಂಬೆಯನ್ನು ಅವನ ಕಡೆ ತಿರುಗಿಸಿ, "ಮುಟ್ಟಿಲ್ಲ ಸಾ, ಬರೀ ಮಾತಾಡ್ಸ್ತಾ ಇವ್ನಿ" ಅಂದ. ಕಾವಲುಗಾರ ಬಿದ್ದು ಬಿದ್ದು ನಕ್ಕು, ತನ್ನ ಜೊತೆಯವನನ್ನೂ ಕೂಗಿ ಕರೆದ.

ಆ ದಿನ ಇಳಿಹೊತ್ತಿನಲ್ಲಿ ಲಾಲ್‌ಬಾಗಿನ ಬಂಡೆ ಹತ್ತಿದೆವು. ತಮ್ಮ ಜಾರುಬಂಡೆ ಆಡುತ್ತಿದ್ದ. ಮರುದಿನ ಬೆಳಿಗ್ಗೆ ಪರೀಕ್ಷೆಯ ಫಲಿತ ಗೊತ್ತಾಗುವುದಿತ್ತು. ಅವ್ವ ಮೊಣಕಾಲಿಗೆ ಗದ್ದ ಊರಿ ಊರಿನ ಕಡೆ ನೋಡುತ್ತಾ ಕೂತಿದ್ದಳು. ಗೊಂಬೆ ಇನ್ನೂ ಅಪ್ಪನ ಕೈಯಲ್ಲೇ ಇತ್ತು. ಅಪ್ಪ ಅದರ ಮುಖವನ್ನು ಅವ್ವನ ಕಡೆ ತಿರುಗಿಸಿದ. ದನಿ ಗೊಂಬೆಯದೇ, ಆದರೆ ಮೆಲ್ಲಗೆ ಬಂತು.

"ಟೀಚ್ರಮ್ಮಾ, ನಾಳೀಕೆ ಆಸ್ಪತ್ರೆಗೆ ಓಗಕೆ ನಂಗೆ ಬಾಳ ಭಯ ಆಯ್ತದೆ."

ಅವ್ವ ತಿರುಗಿದಳು. ಅಪ್ಪ ಅವಳನ್ನು ನೋಡದೆ ಗೊಂಬೆಯ ತಲೆಯನ್ನೇ ನೋಡುತ್ತಿದ್ದ.

"ನೀನಿಲ್ದೆ ಮನೇಲಿ ಎಂಗಿರಾದು ಅಂತ ನಂಗೆ ಗೊತ್ತಿಲ್ಲ."

ಅವ್ವ ಬೆರಳು ಚಾಚಿ ಗೊಂಬೆಯ ದವಡೆಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚಿಸಿದಳು. ಆಮೇಲೆ ಗೊಂಬೆಯ ತೋಳನ್ನು ಹಿಡಿದುಕೊಂಡಳು. ಆ ತೋಳಿನೊಳಗೆ ಅಪ್ಪನ ಕೈಯಿತ್ತು. ನಾಲ್ಕು ಜನರ ಎದುರು ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವ ಕಾಲವಲ್ಲ ಅದು. ಅವರಿಬ್ಬರೂ ಹಾಗೇ ಕೂತಿದ್ದರು. ನಾನು ತಮ್ಮನನ್ನು ಅವರ ಹತ್ತಿರ ಬಿಡದೆ ಇನ್ನೊಂದು ಸಲ ಜಾರಿಸಿದೆ, ಮತ್ತೊಂದು ಸಲ ಜಾರಿಸಿದೆ.

ಬೆಳಿಗ್ಗೆ ಡಾಕ್ಟರು ನಮ್ಮೆಲ್ಲರನ್ನೂ ಒಳಗೆ ಬಿಟ್ಟುಕೊಂಡರು. ವಯಸ್ಸಾದವರು, ಹಣೆಗೊಂದು ದುಂಡು ಕನ್ನಡಿ ಕಟ್ಟಿಕೊಂಡಿದ್ದರು. ಅಪ್ಪ ನಿಂತೇ ಇದ್ದ.

"ಕೂತ್ಕೊಳ್ಳಿ, ಭಯಪಡುವಂಥದ್ದೇನೂ ಇಲ್ಲ" ಎಂದರು. "ಕೆಟ್ಟ ಗಂಟಲ್ಲ. ಕೂಗಿ ಕೂಗಿ ಬೆಳೆದದ್ದು. ತೆಗೆದಾಯಿತಲ್ಲ, ಇನ್ನು ಗಾಯ ಮಾಗಿದರೆ ಸರಿ."

ಅಪ್ಪನಿಗೆ ಅರ್ಥವಾಯಿತೋ ಇಲ್ಲವೋ. "ಮತ್ತೆ ಬರಾಕಿಲ್ವಾ ಸಾ?"

"ಹೀಗೇ ಕೂಗಿದರೆ ಬಂದರೂ ಬರಬಹುದು. ಇಷ್ಟು ಕೂಗುವಂಥ ಕೆಲಸ ಏನು ಮಾಡುತ್ತಾರೆ ಇವರು?"

ಅಪ್ಪ ನನ್ನ ಕೈಯಲ್ಲಿದ್ದ ಗೊಂಬೆಯನ್ನು ಮೇಜಿನ ಮೇಲಿಟ್ಟ. ಅದರ ದನಿ ಹೇಗಿರುತ್ತಿತ್ತು ಎಂದು ತೋರಿಸಲು ತಮ್ಮ ಮುಂದೆ ಬಂದು ಕಿರ್ರೆಂದು ಕೀಚಿದ. ಡಾಕ್ಟರು ಕಿವಿ ಮುಚ್ಚಿಕೊಂಡು ನಕ್ಕರು. ಗೊಂಬೆಯ ದವಡೆಯನ್ನು ತಾವೂ ಒಮ್ಮೆ ಎಳೆದು ನೋಡಿ, "ಇವನ ಕೆಲಸ ಇನ್ನು ಮುಂದೆ ಬೇರೆ ಯಾರಾದರೂ ಮಾಡಲಿ. ನೀವು ಇಂದಿನಿಂದ ಮೆಲ್ಲಗೆ ನಾಲ್ಕು ಮಾತು ಆಡಬಹುದು ತಾಯಿ" ಎಂದರು.

ಹೊರಗೆ ಬಂದ ಅಪ್ಪ ವರಾಂಡದ ಬೆಂಚಿನ ಮೇಲೆ ಕೂತ. ನೀರು ಬೇಕು ಎಂದ. ನಾನು ನಲ್ಲಿಯಿಂದ ತಂದ ನೀರನ್ನು ಅರ್ಧ ಕುಡಿದು ಅರ್ಧ ಮುಖಕ್ಕೆ ಹಾಕಿಕೊಂಡ. ಅವ್ವ ಪಕ್ಕದಲ್ಲಿ ಕೂತು ತುಟಿ ತೆರೆದಳು. ನಾವೆಲ್ಲ ಅವಳ ಬಾಯನ್ನೇ ನೋಡುತ್ತಿದ್ದೆವು.

"ಹಸಿವಾಯ್ತದೆ" ಅಂದಳು. "ಇನ್ ಗಂಜಿ ಕೊಡ್ಬ್ಯಾಡ್ರಿ."

ಅಪ್ಪ ನಕ್ಕ ನಗುವಿಗೆ ಆಸ್ಪತ್ರೆಯ ಜವಾನ ಬಂದು, ಇದು ಆಸ್ಪತ್ರೆ ಕಣ್ರಿ ಎಂದು ಹೇಳಬೇಕಾಯಿತು. ಅಲ್ಲಿಂದ ನೇರ ಒಂದು ಹೋಟೆಲಿಗೆ ಹೋದೆವು. ಅವ್ವ ಇಡ್ಲಿಯನ್ನು ಸಾಂಬಾರಿನಲ್ಲಿ ಚೆನ್ನಾಗಿ ನೆನೆಸಿ, ಕಣ್ಣು ಮುಚ್ಚಿಕೊಂಡು ತಿಂದಳು. ನುಂಗುವಾಗ ನೋವಿತ್ತು, ಮುಖ ಕಿವುಚಿದಳು, ಮತ್ತೆ ಇನ್ನೊಂದು ತರಿಸಿಕೊಂಡಳು. ಅಪ್ಪ ಮಾಣಿಯನ್ನು ಕರೆದು ಇನ್ನೇನೇನಿದೆ ಎಂದು ಕೇಳಿದ. ಅವನು ಹೇಳಿದ್ದನ್ನೆಲ್ಲ ತರಲು ಹೇಳಿದ. ಆ ಮಧ್ಯಾಹ್ನ ವಿಮಾನ ನೋಡಲು ಹೋದೆವು. ಬೇಲಿಯಾಚೆ ಒಂದು ವಿಮಾನ ಮೇಲೆದ್ದಾಗ ತಮ್ಮ ಹೆದರಿ ಅವ್ವನ ಸೆರಗಿನೊಳಗೆ ನುಗ್ಗಿದ. ಗೊಂಬೆಯನ್ನು ಎತ್ತಿ ಹಿಡಿದು ತೋರಿಸುತ್ತಿದ್ದವನು ಅಪ್ಪ. ಆಗ ಅವನು ಗೊಂಬೆಗಾಗಿ ಮಾತಾಡಲಿಲ್ಲ. ತನ್ನದೇ ದನಿಯಲ್ಲಿ "ಎದ್ಬುಡ್ತು! ಎದ್ಬುಡ್ತು!" ಎಂದು ಕೂಗುತ್ತಿದ್ದ.

ಊರಿಗೆ ಬಂದ ದಿನ ಅಜ್ಜಿ ಬಾಗಿಲಲ್ಲೇ ಅವ್ವನ ಮುಖ ಹಿಡಿದು, "ಏನಂದ್ರವ್ವ?" ಎಂದಳು. ಅಜ್ಜಿಗೆ ಮೊದಲೇ ಎಲ್ಲ ಗೊತ್ತಿತ್ತು ಎಂಬುದು ನನಗೆ ಆಗಷ್ಟೇ ತಿಳಿದದ್ದು.

"ಏನೂ ಇಲ್ವಂತೆ ಕಣತ್ತೆ" ಎಂದಳು ಅವ್ವ ಮೆಲ್ಲಗೆ. ಅಜ್ಜಿ ಅಲ್ಲೇ ಹೊಸಿಲ ಮೇಲೆ ಕೂತು ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈ ಮುಗಿದಳು.

ರಜೆ ಮುಗಿದ ಮೇಲೆ ಅಗರದ ಶಾಲೆಯಲ್ಲಿ ಗೊಂಬೆ ಆಡಿಸುವ ಕೆಲಸ ಮಕ್ಕಳ ಪಾಲಿಗೆ ಬಂತು. ದಿನಕ್ಕೊಬ್ಬರು. ಒಬ್ಬ ಅದನ್ನು ಪಟೇಲರಂತೆ ಕೆಮ್ಮಿಸಿದರೆ, ಇನ್ನೊಬ್ಬಳು ತನ್ನ ಅಜ್ಜಿಯಂತೆ ಬೈಸುತ್ತಿದ್ದಳು. ಲೆಕ್ಕ ಮಾತ್ರ ಅದಕ್ಕೆ ಕೊನೆಯವರೆಗೂ ಬರಲಿಲ್ಲ. ಅವ್ವನ ದನಿ ಮೊದಲಿನಂತಾಗಲಿಲ್ಲ, ಸ್ವಲ್ಪ ಒರಟಾಗಿಯೇ ಉಳಿಯಿತು. ಅವಳು ಮೆಲ್ಲಗೆ ಮಾತಾಡುವುದನ್ನು ಕಲಿತಳು, ಕೇಳಿಸಿಕೊಳ್ಳಲು ಮಕ್ಕಳು ಹತ್ತಿರ ಸರಿದು ಕೂರುವುದನ್ನು ಕಲಿತರು. ಆ ದನಿಯಲ್ಲೇ ಅವಳು ಇನ್ನೂ ಬಹಳ ವರ್ಷ ಪಾಠ ಹೇಳಿದಳು, ನನ್ನ ಮದುವೆಯಲ್ಲಿ ಸೋಬಾನೆ ಹಾಡಿದಳು, ಮೊಮ್ಮಕ್ಕಳನ್ನು ಗದರಿದಳು.