ಒರಳು ನಿಲ್ಲಿಸಿ ಉಸಿರು ಕೇಳುವ ಬಹಾನಾ

ತೂಬಾ ತಿಂಗಳು, ವರ್ಷದಲ್ಲೇ ಕಡುಚಳಿಯ ಕಾಲ. ನೈಲ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ, ಸೂಲಗಿತ್ತಿ ಬಹಾನಾ ಆಗಲೇ ಪಡುವಣ ದಂಡೆಯ ನಾದ್ರಾಳ ಮನೆಯಲ್ಲಿದ್ದಾಳೆ. ತಾನೇ ಹೆರಿಗೆ ಮಾಡಿಸಿದ ನಾದ್ರಾಳ ಕೂಸಿಗೆ ಇಂದು ಏಳನೆಯ ದಿನದ ಶಾಸ್ತ್ರ. ಜರಡಿಯಲ್ಲಿ ಮಲಗಿಸಿ ತೂಗಬೇಕು, ಕಿವಿಯ ಹತ್ತಿರ ಹಿತ್ತಾಳೆ ಒರಳು ಕುಟ್ಟಬೇಕು, ತಾಯಿ ಏಳು ಸಲ ಜರಡಿ ದಾಟಬೇಕು. ಹೆಂಗಸರು ಉಪ್ಪು ಎರಚಲು ಕಾದಿದ್ದಾರೆ.

"ಒರಳು ಕೆಳಗಿಡ್ರೇ. ಒಂದು ಗಳಿಗೆ ಯಾರೂ ಮಾತಾಡ್ಬೇಡಿ," ಎಂದು ಬಹಾನಾ ಕೂಸಿನ ಬಾಯಿಗೆ ಕಿವಿ ಹಚ್ಚುತ್ತಾಳೆ.

"ಮುದುಕೀಗೆ ಕಿವಿ ಮಂದ ಆಯ್ತು ಕಣ್ರೇ, ಕೂಸಿನ ಹತ್ರಾನೇ ಊರ ಸುದ್ದಿ ಕೇಳ್ತಾಳೆ!" ನಾದ್ರಾಳ ಅತ್ತೆ ಶಫೀಕಾ ಛೇಡಿಸುತ್ತಾಳೆ.

ಬಹಾನಾ ನಗುವುದಿಲ್ಲ. ಉಸಿರು ಒಳಗೆಳೆದಾಗಲೆಲ್ಲ ಕೂಸಿನ ಗಂಟಲಲ್ಲಿ ಎಳೆಯ ಹುಂಜ ಕೂಗಿದಂತೆ ಸದ್ದು. ಹುಟ್ಟಿದ ದಿನ ಇದು ಇರಲಿಲ್ಲ.

ಸೂಲಗಿತ್ತಿತನ ಅವಳು ತನ್ನ ಗಂಡ ಇಟ್ಟಿಗೆ ಗೂಡಿನಲ್ಲಿ ಸತ್ತ ಮೇಲೆ ತನ್ನ ಅತ್ತೆಯಿಂದ ಕಲಿತ ಕೆಲಸ. ಈ ದಂಡೆಯ ಮುಕ್ಕಾಲು ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ. ಕೂಲಿ ಎಂದರೆ ಸಕ್ಕರೆ, ಸೋಪು, ಹಬ್ಬದ ಹೊತ್ತಿಗೆ ಒಂದು ಪಾರಿವಾಳ.

ಈ ಸದ್ದು ಅವಳಿಗೆ ಹೊಸದಲ್ಲ. ಹಿಂದೊಮ್ಮೆ, ಮಸೀದಿಯಲ್ಲಿ ಬಾಂಗು ಕೂಗುವ ದರ್ದೀರನ ಹಸುಗೂಸು ಮೊಮ್ಮಗನೂ ಹೀಗೇ ಕೂಗುತ್ತಿದ್ದ. ತಾತನ ಗಂಟಲೇ ಬಂದಿದೆ, ಇವನು ಬಾಂಗು ಕೊಟ್ಟರೆ ಆಚೆ ದಂಡೆಯವರೂ ಏಳುತ್ತಾರೆ ಎಂದು ಊರೇ ಹಿಗ್ಗಿತು. ದರ್ದೀರ ಮನೆಮನೆಗೂ ಮಿಠಾಯಿ ಹಂಚಿದ.

"ನಾನೂ ತಿಂದೆ," ಎನ್ನುತ್ತಾಳೆ ಬಹಾನಾ. "ಏಳನೇ ದಿನ ಜರಡೀಲಿ ಅಂಗಾತ ಮಲಗಿಸ್ದೆ, ತೂಗ್ದೆ. ಒರಳಿನ ಗದ್ದಲದಲ್ಲಿ ಆ ಕೂಗು ನಿಂತದ್ದೇ ಕೇಳ್ಸಲಿಲ್ಲ. ನಿದ್ದೆ ಬಂತು ಅಂದ್ಕೊಂಡೆ. ಎತ್ತಿದಾಗ ತುಟಿ ನೇರಳೆ ಆಗಿತ್ತು."

ಆಮೇಲೆ ಪಟ್ಟಣದ ವೈದ್ಯೆ ಬಿಡಿಸಿ ಹೇಳಿದಳು: ಕೆಲವು ಕೂಸುಗಳಿಗೆ ಹುಟ್ಟುವಾಗಲೇ ನಾಲಿಗೆಯ ಬುಡದಲ್ಲಿ ದ್ರಾಕ್ಷಿಯಂಥ ನೀರುಗುಳ್ಳೆ ಇರುತ್ತದೆ. ಅಂಗಾತ ಮಲಗಿಸಿದರೆ ಉಸಿರಿನ ದಾರಿಗೇ ಬಂದು ಕೂರುತ್ತದೆ. ಬೋರಲು ಹಿಡಿದು ಬೇಗ ತಂದರೆ ತೆಗೆಯಬಹುದು.

"ತೆಗೀಬಹುದಿತ್ತಂತೆ," ಎನ್ನುತ್ತಾಳೆ ಬಹಾನಾ. ದರ್ದೀರ ಅವಳನ್ನು ಒಂದು ದಿನವೂ ದೂರಲಿಲ್ಲ. ಬೈದಿದ್ದರೆ ಎದೆ ಒಂದಿಷ್ಟು ಹಗುರಾಗುತ್ತಿತ್ತು.

ಈಗ ಅವಳು ತಲೆ ಎತ್ತುತ್ತಾಳೆ. "ಇವತ್ತು ಜರಡಿ ಬೇಡ. ದೋಣಿ ಕರೆಸ್ರಿ, ಪಟ್ಟಣಕ್ಕೆ ಹೋಗ್ಬೇಕು."

"ಅಡುಗೆ ಆಗಿದೆ, ನೆಂಟ್ರು ಕೂತಿದಾರೆ. ಶುಭದ ದಿನ ಏನೇ ನಿನ್ನ ಬಾಯಿ!"

"ನೆಂಟ್ರು ಉಣ್ಲಿ ಶಫೀಕಾ. ತೂಗ್ಲೇಬೇಕು ಅಂದ್ರೆ ಜರಡೀಲಿ ಈರುಳ್ಳಿ ಹಾಕ್ಕೊಂಡು ತೂಗು. ಈ ಕೂಸನ್ನ ಮಾತ್ರ ನಾನು ಕೊಡಲ್ಲ."

ಅವಳು ಕೂಸನ್ನು ನಾದ್ರಾಳ ಮುಂಗೈ ಮೇಲೆ ಬೋರಲು ಮಲಗಿಸುತ್ತಾಳೆ. ಹುಂಜದ ಕೂಗು ತಗ್ಗುತ್ತದೆ. ತಗ್ಗಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಶಫೀಕಾಳಿಗೂ. ಅವಳು ಎದ್ದು ದಾರಿಗೆಂದು ಬಟ್ಟೆಯಲ್ಲಿ ರೊಟ್ಟಿ ಕಟ್ಟುತ್ತಾಳೆ.

"ವಾಪಸ್ ಬಂದ್ಮೇಲೆ ತೂಗೋಣ ತಾಯೀ," ಎಂದು ಬಹಾನಾ ನಾದ್ರಾಳ ತಲೆ ಸವರುತ್ತಾಳೆ. "ಎಲ್ಲ ಮಕ್ಕಳ ಹಾಗೆ ಅತ್ರೆ ನಂಗೆ ಸಾಕು. ಗಂಟಲು ಚೆನ್ನಾಗಿದೆ ಅಂತ ಯಾರೂ ಹೊಗಳೋದು ಬೇಡ."

ದರ್ದೀರನ ಮೊಮ್ಮಗ ಹೋದದ್ದು ಒಂದು ಗುರುವಾರ, ಜರಡಿಯಲ್ಲೇ. ನಾದ್ರಾಳ ಮಗ ದೋಣಿ ಹತ್ತಿ ಹೋದದ್ದು ಸೋಮವಾರ, ತಾಯಿಯ ಮುಂಗೈ ಮೇಲೆ ಬೋರಲಾಗಿ, ಸಣ್ಣಗೆ ಕೂಗುತ್ತಲೇ.