ಅವ್ವನ ಸ್ತೋತ್ರದ ಊಟ

ಮೊನ್ನೆ ಸುರಪುರದ ನಮ್ಮ ಶಾಲೆಯಿಂದ ಮನೆಗೆ ನಡೆದು ಬರುವಾಗ ಯಾರದೋ ಕಿಟಕಿಯಿಂದ ಗೋಧಿ ಹುಗ್ಗಿಯ ವಾಸನೆ ಬಂತು. ಬೆಲ್ಲ, ಏಲಕ್ಕಿ, ಬೆಂದು ಒಡೆದ ಗೋಧಿ. ನಿಮಗೂ ಹೀಗಾಗಿರಬಹುದು: ಕಾಲು ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಮನಸ್ಸು ಮಾತ್ರ ಬೇರೆ ಯಾವುದೋ ಅಂಗಳದಲ್ಲಿ ಕೂತುಬಿಡುತ್ತದೆ. ನನ್ನದು ಶಹಾಪುರದಲ್ಲಿ, ದೇವದುರ್ಗದ ರಸ್ತೆಗೆ ಮುಖ ಮಾಡಿದ್ದ ನಮ್ಮ ಹಳೆಯ ಬಾಡಿಗೆ ಮನೆಯ ಅಂಗಳಕ್ಕೆ ಹೋಯಿತು.

ಅಪ್ಪ ನಾರಾಯಣಪುರದ ಜಲಾಶಯದಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದ. ನೀರಿನ ಸದ್ದಿನ ಮೇಲೆ ಕೂಗಿ ಮಾತಾಡಿ ರೂಢಿಯಾದವನು. ಊಟಕ್ಕೆ ಕೂತು ಉಪ್ಪು ಕೇಳಿದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಒಂದು ವರ್ಷ ಅವನ ಗಂಟಲಲ್ಲಿ ಗಂಟೊಂದು ಎದ್ದಿತು. ದನಿ ದಿನೇ ದಿನೇ ಸಣ್ಣದಾಗಿ ಕಡೆಗೆ ಬರೀ ಗಾಳಿಯಾಯಿತು. ಕಲಬುರಗಿಯ ಡಾಕ್ಟರು ಗಂಟು ತೆಗೆದು ತಪಾಸಣೆಗೆ ಕಳಿಸಿದರು. ವರದಿ ಬರುವ ತನಕ ಮನೆಯಲ್ಲಿ ಯಾರೂ ಆ ರೋಗದ ಹೆಸರು ಎತ್ತಲಿಲ್ಲ. ಅವ್ವ ಮಾತ್ರ ದಿನಾ ಮೊಣಕಾಲೂರುತ್ತಿದ್ದಳು.

"ಯೇಸಪ್ಪಾ, ಅದು ಅಲ್ಲ ಅಂತ ಬಂದ್ರ ನೂರು ಮಂದಿಗಿ ಉಣಿಸಿ ನಿನಗ ಸ್ತೋತ್ರ ಹೇಳ್ತೀನಿ."

ಅದು ಅಲ್ಲ ಅಂತಲೇ ಬಂತು. ದನಿ ನಿಧಾನಕ್ಕೆ ಮರಳುತ್ತದೆ ಎಂದರು. ಅವ್ವ ಆ ಕಾಗದವನ್ನು ಬೈಬಲ್ಲಿನೊಳಗಿಟ್ಟು ಅಡುಗೆಯ ಯೋಚನೆಗೆ ಕೂತಳು.

ನಾನು ಮಟನ್ ಆಗಲೇಬೇಕೆಂದು ಹಟ ಹಿಡಿದೆ. ಆಗಷ್ಟೇ ಬಿ.ಎಡ್. ಮುಗಿಸಿದ್ದೆ, ನನ್ನ ಮಾತಿಗೆ ತೂಕವಿದೆ ಎಂದು ನಂಬಿದ್ದ ಕಾಲ ಅದು.

"ಬಾಜೂ ಮನಿ ಚಂದಮ್ಮ ಲಿಂಗ ಕಟ್ಟಿದಾಕಿ. ದಿನಾ ನಿಮ್ಮಪ್ಪಗ ಗಂಜಿ ಕಾಸಿ ತಂದು ಕೊಟ್ಟಾಳ. ಆಕಿ ಉಣದಂಥ ಊಟ ಮಾಡಿ ಎಂಥಾ ಸ್ತೋತ್ರ ಹೇಳ್ಲಿ?" ಎಂದಳು ಅವ್ವ. ನನ್ನ ಬಿ.ಎಡ್. ಮಟನ್ ಬಿಟ್ಟುಕೊಟ್ಟಿತು. ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು ಎಂದು ತೀರ್ಮಾನವಾಯಿತು. ಬರಬೇಕಾದವರಲ್ಲಿ ಹೆಚ್ಚಿನವರು ಹೊಳೆಯಾಚೆ ದೇವದುರ್ಗದ ಕಡೆಯ ಅವ್ವನ ತವರಿನವರು. ಅವ್ವನ ಮದುವೆ ಮಾಡಿಸಿದ್ದ ಮುದಿ ಪಾಸ್ಟರು ಅವರ ಜೊತೆ ಬಂದು ಪ್ರಾರ್ಥನೆ ಮಾಡುವವರಿದ್ದರು.

ಊಟದ ಹಿಂದಿನ ದಿನ ಜಲಾಶಯದಿಂದ ಅಪ್ಪನಿಗೆ ಕರೆ ಬಂತು. ಮೇಲಿನ ಕಡೆ ಮಳೆ ಜೋರಾಗಿ ಒಳಹರಿವು ಏರಿತ್ತು.

"ಗೇಟು ಎತ್ತೋದೈತಿ. ನಾ ಇಲ್ಲಂದ್ರೂ ನೀವು ಮಾಡ್ರಿ," ಎಂದು ಪಿಸುಗುಟ್ಟಿ ಹೊರಟುಹೋದ.

ಮರುದಿನ ಹೊತ್ತೇರುವಷ್ಟರಲ್ಲಿ ಹುಗ್ಗಿ ಕುದಿಯುತ್ತಿತ್ತು. ಆಗ ಸೋದರಮಾವನ ಫೋನು. "ಅಕ್ಕಾ, ಸೇತುವಿ ಮ್ಯಾಲ ನೀರು ಬಂದೈತಿ. ಪೊಲೀಸರು ಬಿಡವಲ್ರು. ಪಾಸ್ಟರ್‌ನ ಕರ್ಕೊಂಡು ವಾಪಸ್ ಹೊಂಟೀವಿ."

ಅಂದರೆ ನಮ್ಮ ನೆಂಟರನ್ನು ಆಚೆ ದಡದಲ್ಲೇ ತಡೆದದ್ದು ಅಪ್ಪ ಎತ್ತಿದ ಗೇಟುಗಳ ನೀರು! ನನಗೆ ನಗು ತಡೆಯಲಾಗಲಿಲ್ಲ. ಅವ್ವ ನಗಲಿಲ್ಲ. ಒಲೆಯ ಮುಂದೆ ಕುಸಿದು ಕೂತಳು.

"ನೂರು ಮಂದಿ ಅಂತ ಬಾಯಿಬಿಟ್ಟು ಹೇಳಿದ್ದೆ. ನನ್ನ ಸ್ತೋತ್ರ ಅವನಿಗಿ ಬ್ಯಾಡಾತೇನು?"

ಅವಳ ಭಯ ನನಗೆ ಆಗ ಅರ್ಥವಾಯಿತು. ಹರಕೆ ಮುರಿದರೆ ಗಂಟು ಮತ್ತೆ ಬಂದೀತೆಂಬ ಭಯ. ಹಾಗೆಲ್ಲ ಆಗುವುದಿಲ್ಲ ಎನ್ನಬೇಕಿತ್ತು. ಆದರೆ ನನಗೂ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಹೊಳೆಯಿಂದ ಹಿಂದಿರುಗಿದ ಎರಡು ಬಸ್ಸುಗಳು ನಮ್ಮ ಮನೆಯ ಎದುರಿನ ಬೇವಿನ ನೆರಳಿಗೆ ಬಂದು ನಿಂತವು. ಸೇತುವೆ ತೆರೆದೀತೇನೋ ಎಂದು ಡ್ರೈವರುಗಳು ಕಾಯುತ್ತಿದ್ದರು. ಹಣೆತುಂಬ ವಿಭೂತಿ ಧರಿಸಿದ ಮುದುಕಿಯೊಬ್ಬಳು ನೀರು ಕೇಳಿಕೊಂಡು ಒಳಬಂದಳು. ಮೂಗು ಅರಳಿಸಿ, "ಮದಿವಿ ಐತೇನಬೇ?" ಎಂದಳು.

"ಮದಿವಿ ಅಲ್ಲಬೇ. ನಮ್ಮ ಮನಿಯವರು ಉಳದಾರ. ಅದಕ್ಕ ದೇವರಿಗಿ ಸ್ತೋತ್ರ ಮಾಡಾಕತ್ತೀವಿ," ಎಂದ ಅವ್ವ ತಟ್ಟನೆ ಎದ್ದು ನಿಂತಳು. ತಾನು ಆಡಿದ ಮಾತು ತನಗೇ ಆಗ ಕೇಳಿಸಿದಂತಿತ್ತು. ಬಸ್ಸುಗಳ ಕಡೆ ನೋಡಿದಳು.

"ಎಷ್ಟು ಮಂದಿ ಅದೀರಿ?"

"ಎಲ್ಡೂ ಬಸ್ಸು ತುಂಬ್ಯಾವ."

"ನಾವು ಕಿರಿಸ್ತಾನರು. ಮಾಂಸ ಏನೂ ಮಾಡಿಲ್ಲ. ಉಣ್ತೀರೇನು?"

"ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ. ಮೊದಲ ನೀಡಬೇ!"

ಚಂದಮ್ಮ ಚಾಪೆ ಹಾಸಿದಳು. ಅಂಗಳ ಸಾಲದೆ ಮಂದಿ ಬೇವಿನ ಬುಡದ ತನಕ ಕೂತರು. ಪಾಸ್ಟರಿಲ್ಲ, ಅವ್ವ ಸೌಟು ಹಿಡಿದೇ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದಳು. ಅಪ್ಪನ ಗಂಟಲಿಗಾಗಿ, ಚಂದಮ್ಮನ ಗಂಜಿಗಾಗಿ, ತುಂಬಿದ ಹೊಳೆಗಾಗಿ, ಮನೆಗೆ ಬಂದ ಈ ಮಂದಿಗಾಗಿ ಸ್ತೋತ್ರ. ಹುಗ್ಗಿ ಆರುತ್ತದಲ್ಲ ಎಂದು ನಾನು ಒಂದು ಕಣ್ಣು ತೆರೆದೇ ಇದ್ದೆ. ಅವ್ವ "ಆಮೆನ್" ಎಂದಳು. ನನ್ನದೊಂದೇ ಸಣ್ಣ ಆಮೆನ್ ಜೊತೆಗೂಡಿತು. ಮಂದಿ ಮುಖ ಮುಖ ನೋಡಿಕೊಂಡರು.

"ಏನಂದಳಬೇ?" ಮುದುಕಿ ನನ್ನನ್ನು ಕೇಳಿದಳು.

"ಹಂಗ ಆಗಲಿ ಅಂತ, ಆಯಿ."

ಮುದುಕಿ ಎರಡೂ ಕೈ ಮುಗಿದು ಗಟ್ಟಿಯಾಗಿ, "ಹಂಗ ಆಗಲಿ!" ಎಂದಳು. ಹಿಂದೆಯೇ ಎರಡು ಬಸ್ಸಿನ ಮಂದಿ, "ಹಂಗ ಆಗಲಿ!" ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಸೌಟು ಆಕೆಯ ಎಲೆಗೇ ಹಾಕಿದಳು.

ಅಪ್ಪ ಬಂದದ್ದು ಮರುದಿನ ಸಂಜೆ. "ನನಗೇನಿಟ್ಟೀರಿ?" ಎಂದ. ಅವ್ವ ಬಳಿದು ತೊಳೆದಿದ್ದ ಪಾತ್ರೆ ತೋರಿಸಿದಳು.

"ಬೀಗರನ್ನ ಆಚಿ ದಂಡಿಗಿ ನಿಲ್ಲಿಸಿದವರು ನೀವು. ನಿಮಗೇನಿಡ್ಲಿ?"

ನಡೆದದ್ದನ್ನೆಲ್ಲ ಕೇಳಿ ಅಪ್ಪ ನಕ್ಕ. ಒಡಕು ದನಿ, ಆದರೆ ಎಷ್ಟು ಜೋರೆಂದರೆ ಚಂದಮ್ಮ ಹೊರಗೋಡಿ ಬಂದಳು. ತಿಂಗಳುಗಳ ನಂತರ ಆ ಮನೆಯಲ್ಲಿ ನಾವೆಲ್ಲ ನಿರಾಳವಾಗಿ ಉಸಿರು ಬಿಟ್ಟ ಗಳಿಗೆ ಅದು. ತನ್ನ ಸ್ತೋತ್ರದ ಊಟದ ಒಂದು ಅಗುಳೂ ಸಿಗದ ಅಪ್ಪ ರೊಟ್ಟಿ, ಶೇಂಗಾ ಹಿಂಡಿ ಉಂಡು ಮಲಗಿದ.

ಈಗ ಅಪ್ಪ ಅವ್ವ ಇಬ್ಬರೂ ಸುರಪುರದಲ್ಲಿ ನನ್ನ ಜೊತೆಗಿದ್ದಾರೆ. ಚರ್ಚಿನಲ್ಲಿ ಅಪ್ಪ ಎಲ್ಲರಿಗಿಂತ ಅರ್ಧ ಸಾಲು ಹಿಂದೆ, ಎಲ್ಲರಿಗಿಂತ ಜೋರಾಗಿ ಹಾಡುತ್ತಾನೆ. ಮುಂದಿನ ಸಾಲಿನವರು ತಿರುಗಿ ನೋಡುವಾಗ ನಾಚಿಕೆಯಾಗಿ ಮೊಣಕೈಯಿಂದ ತಿವಿಯುವುದು ನನ್ನ ಅಭ್ಯಾಸ. ಈ ಭಾನುವಾರ ತಿವಿಯಲಿಲ್ಲ. ನನ್ನ ಹಾಡು ನಿಲ್ಲಿಸಿ, ಅವನ ಅರ್ಧ ಸಾಲು ಮುಗಿಯುವ ತನಕ ಕೇಳುತ್ತ ನಿಂತೆ.