ಅರಮನೆಯ ರಂಗೋಲಿ

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ಹುಡುಗಿಯಾಗಿದ್ದಾಗ, ಮೈಸೂರಿನ ಮಹಾರಾಜರ ಮದುವೆಯಲ್ಲಿ ತಾಯಿಯ ಜೊತೆ ಕಲ್ಯಾಣಮಂಟಪಕ್ಕೆ ರಂಗೋಲಿ ಹಾಕಿದ್ದರಂತೆ. ಹಿತ್ತಲ ಚಪ್ಪಡಿಯ ಮೇಲೆ ನನಗೆ ಎಳೆ ಎಳೆಯುವುದನ್ನು ಕಲಿಸುತ್ತ, ಕೈಯ ಪುಡಿ ಒದರಿಕೊಂಡು, "ಅರಮನೇಲೂ ಹೀಗೇ ಕಣೇ" ಎನ್ನುತ್ತಿದ್ದರು.

ಐವತ್ತರ ದಶಕದಲ್ಲಿ ನನ್ನ ಮದುವೆಯಾಯಿತು. ಪಕ್ಕದ ಮನೆಯಾಕೆ ಆಗಲೇ ಗಂಡನನ್ನು ಕಳೆದುಕೊಂಡಿದ್ದರು; ವಿಧವೆಯ ಕೈ ಶುಭಕಾರ್ಯಕ್ಕೆ ಆಗದು ಎನ್ನುತ್ತಿದ್ದ ಕಾಲ. ನನ್ನ ಹಟಕ್ಕೆ ಮಣಿದು, ದಿಬ್ಬಣ ಬರುವ ಮೊದಲೇ ಅವರು ಹಸೆಮಣೆಯ ಸುತ್ತ ರಂಗೋಲಿ ಬಿಡಿಸಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತರು.

"ಎಷ್ಟು ಚೆನ್ನಾಗಿದೆ! ಯಾರು ಹಾಕಿದ್ದು?" ಎಂದರು ಬೇಲೂರಿನಿಂದ ದಿಬ್ಬಣದೊಂದಿಗೆ ಬಂದ ಅತ್ತೆ.

"ನಾನೇ" ಎಂದುಬಿಟ್ಟೆ.

ಒಳಗೆ ಹೋದಾಗ ತಲೆಯೆತ್ತಲಾಗಲಿಲ್ಲ. ನನ್ನ ಸೆರಗು ಸರಿಮಾಡಲು ಚಾಚಿದ ಕೈಯನ್ನು ಅವರು ತಟ್ಟನೆ ಹಿಂದಕ್ಕೆಳೆದುಕೊಂಡರು.

"ಬಿಡು, ಹಾಕಿದೋರು ಯಾರೂಂತ ಯಾರು ಹೇಳ್ತಾರೆ? ಅರಮನೇಲೂ ಹೀಗೇ ಕಣೇ."